ಶಹಾಬಾದಿನ ಗುಂಡಿಗಳು

ಗುಂಡಿ, ಎಂದಿತು ಕಂಪ್ಯೂಟರಿನ ದನಿ.
ಟ್ಯಾಬ್ ಒತ್ತಿದರೆ ಮತ್ತೆ: ಗುಂಡಿ.
ಇನ್ನೊಮ್ಮೆ: ಗುಂಡಿ.
ಹದಿನೇಳು ಸಲ ಕೇಳಿಸಿಕೊಂಡ ಲಾಡ್ಲೆಸಾಬರು
ಕುರ್ಚಿ ಹಿಂದಕ್ಕೆ ಜರುಗಿಸಿ ಅಂದರು:
"ಮಾನಂದಾ, ಇದು ರೇಡಿಯೋ ಅದನೋ, ನಮ್ಮೂರ ಖಣಿ ಅದನೋ?
ಎಲ್ಲಿ ಕಾಲಿಟ್ರೂ ಗುಂಡಿ ಅಂತದ,
ಎಷ್ಟು ಆಳ, ಯಾತಕ್ಕ ಅಂತ ಹೇಳವಲ್ದು."

ನನ್ನದು ಸ್ಟೇಶನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ.
ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ;
ಏಳರ ಮೇಲೆ ಇವರ ಮನೆ.
ಡಿಪ್ಲೊಮಾದಲ್ಲಿ ಕಲಿತ ಕೋಡು ಅರ್ಧ ಮರೆತಿದ್ದೆ.

ಇವರದು ಗಾಳಿಯೊಂದಿಗೆ ನಲವತ್ತು ವರ್ಷದ ಸಂಸಾರ.
ಏಳನೇ ವಯಸ್ಸಿಗೆ ಹೋದ ಕಣ್ಣಿನ ಕತೆ ಕೇಳಿದರೆ
ಮೊದಲು ಚಹಾ ಕುಡಿ ಅನ್ನುತ್ತಾರೆ.
ಹಳೆಯ ಸೆಟ್ಟಿನ ಹಿತ್ತಾಳೆ ತಿರುಗಣೆ
ಎಲ್ಲಿದ್ದೀ ಎಂದು ಬೆರಳಿಗೇ ಹೇಳುತ್ತಿತ್ತು, ಟಕ್, ಟಕ್.
ಮೋರ್ಸು ಬರುತ್ತಿದ್ದುದೇ ಕಿವಿಗೆ;
ಕತ್ತಲೆ ಬೆಳಕಿನ ಲೆಕ್ಕ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.
ಆ ಸೆಟ್ಟು ಸತ್ತಿತು. ಹೊಸದು ಬಂತು,
ನುಣುಪು ಡಬ್ಬಿ, ಹಿಡಿಯಲು ಒಂದು ತಿರುಗಣೆಯಿಲ್ಲ,
ಎಲ್ಲ ತೆರೆಯ ಮೇಲೆ, ಎಲ್ಲ ಚಿತ್ರ.

ಮೊದಲ ವಾರವೇ ಯಾವುದೋ ಗುಂಡಿ ಒತ್ತಿದರು. ಅದು ಪ್ರಸಾರದ್ದು.
ಒತ್ತಿದ್ದು ಒತ್ತಿದಂತೆಯೇ ಉಳಿದು
ರಹಮತ್‌ಬಿ ತೊಗರಿಬ್ಯಾಳಿಗೆ ಕೊಟ್ಟ ಒಗ್ಗರಣೆ
ಚಟಪಟ ಆಕಾಶಕ್ಕೆ ಹೋಯಿತು,
ಜೊತೆಗೆ ನಾದಿನಿಯ ಬಗ್ಗೆ ಆಕೆ ಆಡಿದ್ದೆಲ್ಲ.
ಸೊಲ್ಲಾಪುರದ ಒಬ್ಬರು ಆಮೇಲೆ ವಿಚಾರಿಸಿದರಂತೆ,
ಬಳ್ಳೊಳ್ಳಿ ಸ್ವಲ್ಪ ಕಮ್ಮಿ ಆತೇನ್ರಿ ಅಂತ.
ಮೂರು ದಿನ ಆ ಕೋಣೆಗೆ ಚಹಾ ಬರಲಿಲ್ಲ.

ಕೋಡು ತೆರೆದು ನೋಡಿದರೆ ಬರೆದವನಿಗೆ ಎಲ್ಲ ಗೊತ್ತಿತ್ತು:
ಇದು ಪ್ರಸಾರ, ಇದು ಸದ್ದು ಸೋಸುವುದು, ಇದು ಅಲೆ ಬದಲಿಸುವುದು.
ಗೊತ್ತಿದ್ದನ್ನು ಬಣ್ಣಕ್ಕೆ ಹೇಳಿದ್ದ,
ಬಾಯಿಗೆ ಹೇಳಿರಲಿಲ್ಲ.
ಸಿಟ್ಟು ಬರಲಿಲ್ಲ. ನಾನೂ ದರಪಟ್ಟಿಯನ್ನು
ಅಂಗಡಿಯ ಗೋಡೆಗೆ ಅಂಟಿಸಿ ಸುಮ್ಮನಿದ್ದವಳೇ.

ಹೆಸರಿಡುವುದು ಸುಲಭವೆಂದು ತಿಳಿದಿದ್ದೆ.
ಗ್ರಹಣ ಸೂಕ್ಷ್ಮತಾ ನಿಯಂತ್ರಣ ಎಂದು ಬರೆದೆ.
"ಅದು ಅಷ್ಟು ಉದ್ದ ಹೇಳಿ ಮುಗಸೋದ್ರಾಗ
ಆ ಕಡಿಯಾಂವ ಉಂಡು ಮಲಕೊಂಡಿರ್ತಾನ."
ಕೊನೆಗೆ, ಕಿವಿ. ಕಿವಿ ಆರು. ಕಿವಿ ಏಳು.
ಅದು ನಿಂತಿತು.

ಪರೀಕ್ಷೆಗೆಂದು ಒಂದು ರಾತ್ರಿ
ಶಟರ್ ಎಳೆದು, ಮಾನಿಟರ್ ಆರಿಸಿ ಕೂತೆ.
ನಾಲ್ಕನೇ ಟ್ಯಾಬಿಗೇ ದಾರಿ ತಪ್ಪಿತು.
ಬೆವರು. ನಾಚಿಕೆಯಿಲ್ಲದೆ ಮೌಸು ಹುಡುಕಿತು ಕೈ.

ಜಲಪಾತವೆಂಬುದೊಂದಿತ್ತು ತೆರೆಯಲ್ಲಿ,
ಯಾರು ಎಲ್ಲಿ ಮಾತಾಡುತ್ತಿದ್ದಾರೆಂದು
ನೀಲಿಯ ಮೇಲೆ ಹಳದಿ ಗೆರೆ ಇಳಿಯುವುದು.
ನೀರಿಲ್ಲ, ಭೋರ್ಗರೆತವಿಲ್ಲ, ಹೇಗೆ ಹೇಳಲಿ?
ಗೆರೆ ಗಟ್ಟಿಯಾದಷ್ಟೂ ಸ್ವರ ಏರಲಿ ಎಂದು ಮಾಡಿದೆ.
ಪರಸಿಗಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು
ಒಳಗೆ ಸೀಳಿದೆಯೋ ಇಲ್ಲವೋ ಹೇಳುವ ಊರು ಇದು.
ಅವರು ತಲೆ ಓರೆ ಮಾಡಿ ಕೇಳಿದರು,
ಬಹಳ ಹೊತ್ತು.
"ಅಲ್ಲೊಬ್ಬ ಇದ್ದಾನ. ಸಣ್ಣ ದನಿ. ಭಾಳ ದೂರ."
ನನಗೆ ತೆರೆಯಲ್ಲಿ ಏನೂ ಕಾಣಲಿಲ್ಲ.

ತಿದ್ದಿದ್ದನ್ನೆಲ್ಲ ಬರೆದವನಿಗೆ ಕಳಿಸಿದೆ, ಯಾವ ದೇಶವೋ.
ಎರಡು ತಿಂಗಳಿಗೆ ಒಂದೇ ಸಾಲು: ಸೇರಿಸಿದ್ದೇನೆ, ವಂದನೆ.
ಲಾಡ್ಲೆಸಾಬರು ಜಿಲೇಬಿ ತರಿಸಿದರು.
ರಹಮತ್‌ಬಿ ಹೊಸ್ತಿಲಲ್ಲೇ ನಿಂತು ಕೇಳಿದಳು,
ಈಗರೆ ಅದು ಬಂದ್ ಅದನು?
ಅವರು ಒಂದು ಕೀಲಿ ಒತ್ತಿದರು.
"ಪ್ರಸಾರ, ಬಂದ್," ಎಂದಿತು ಕಂಪ್ಯೂಟರೇ.
ಆಕೆ ಒಳಗೆ ಬಂದಳು.

ನಿನ್ನೆ ಹೊಸ ಆವೃತ್ತಿ ಇಳಿಯಿತು.
ಇವತ್ತು ಶಟರ್ ಇನ್ನೂ ಅರ್ಧ ಎತ್ತಿದ್ದೆ, ಫೋನು:
"ಮಾನಂದಾ, ಸಂಜಿಕಿ ಬಾ.
ಮತ್ತ ಮೂರು ತೋಡ್ಯಾರ."