ಯಾವೂರು ನಂದು

ಮೊದಲೆಲ್ಲ ನಾನೇ ಹೋಗುತ್ತಿದ್ದೆ.
ಬೈಕಿನ ಸೈಡ್ ಬಾಕ್ಸಿನಲ್ಲಿ ನೀಲಿ ಕೇಬಲ್ಲು,
ಬೆನ್ನಿಗೆ ಲ್ಯಾಪ್‌ಟಾಪು,
ಗೊರೂರು ದಾಟುವಾಗ ಹಲ್ಲಿಗೆ ಸಿಗುವ ಧೂಳು.
ಹಾಲಿನ ಡೇರಿಯ ಕ್ಯಾನುಗಳ ನಡುವೆ
ಕುಕ್ಕುರುಗಾಲಲ್ಲಿ ಕೂತು
ಒಂದೊಂದೇ ಸಾಲು ಹೊಡೆದು
ರೌಟರಿಗೆ ಅದರ ಊರು ಹೇಳಿಕೊಡುತ್ತಿದ್ದೆ.
ಒಂದು ಚುಕ್ಕೆ ಮರೆತರೆ
ಮತ್ತೆ ನಲವತ್ತು ಕಿಲೋಮೀಟರು.

ಈಗ ಪೆಟ್ಟಿಗೆ ಒಂಟಿಯಾಗಿ ಹೋಗುತ್ತದೆ,
ಅರಕಲಗೂಡಿನ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ,
ಯಾರದೋ ಕರಿಬೇವಿನ ಕಟ್ಟಿಗೆ ಒರಗಿಕೊಂಡು.
ಅಲ್ಲಿ ಯಾರಾದರೂ ಪ್ಲಗ್ ಚುಚ್ಚಿದರೆ ಸಾಕು,
ಕಣ್ಣು ಬಿಡುತ್ತದೆ. ಹಳದಿ. ಮಿಟುಕುತ್ತದೆ.
ಹೊಟ್ಟೆಯಡಿಯ ನಂಬರು ಒಪ್ಪಿಸಿ
ಯಾವೂರು ನಂದು ಎಂದು ಹಾಸನವನ್ನು ಕೇಳುತ್ತದೆ.
ನನ್ನ ಫೈಲು ಉತ್ತರ ಕೊಡುತ್ತದೆ.
ನಾನಾಗ ಊಟಕ್ಕೆ ಹೋಗಿರುತ್ತೇನೆ.

ಮೊನ್ನೆ ಅರಕಲಗೂಡು ಸ್ಟ್ಯಾಂಡಿನಲ್ಲಿ
ಎರಡು ಪೆಟ್ಟಿಗೆ ಅದಲುಬದಲಾದವು.
ಕೊಣನೂರಿನದು ದೊಡ್ಡಮಗ್ಗೆಯಲ್ಲಿ ಎದ್ದು ಕೂತು
ತಾನು ಕೊಣನೂರೆಂದೇ ನಂಬಿತು.
ಅಲ್ಲಿ ದೀಪ ಹಸಿರು, ಇಲ್ಲಿ ನನ್ನ ಪರದೆ ಹಸಿರು,
ಯಾರೂ ಸುಳ್ಳು ಹೇಳಿರಲಿಲ್ಲ.
ಆ ಸಂಜೆ ದೊಡ್ಡಮಗ್ಗೆಯ ಹಸುಗಳು
ಕೊಣನೂರಿನ ಲೆಕ್ಕಕ್ಕೆ ಹಾಲು ಕೊಡತೊಡಗಿದವು.

ಫೋನು ಮಾಡಿದ್ದು ಫ್ಯಾಟ್ ನೋಡುವ ಪುರದಮ್ಮ:
"ಚೀಟೀಲಿ ಕೊಣ್ನೂರು ಅಂತ ಬರ್ತಾ ಐತೆ ಸಾ,
ನಮ್ಮೂರು ಎದ್ದು ಅಲ್ಲಿಗೇನಾರ ಹೋಯ್ತಾ?"

ಪೆಟ್ಟಿಗೆ ಮಗುಚಿ, ಟಾರ್ಚು ಹಿಡಿದು
ನಂಬರು ಓದಿದಳು, ಫ್ಯಾಟ್ ಓದುವ ರಾಗದಲ್ಲೇ,
ನಾಲ್ಕು, ಒಂದು, ಸೊನ್ನೆ,
ನಡುವೆ ನಿಂತು
ಇದು ಬಿ-ಯೋ ಎಂಟೋ ಎಂದು ಯಾರನ್ನೋ ಕೇಳಿ.
ಹಿಂದೆ ಒಂದು ಕ್ಯಾನು ಉರುಳಿದ ಸದ್ದು. ಬೈಗುಳ.
ಎಂಟೇ ಅಂತೆ.

ಎರಡು ಸಾಲು ತಿದ್ದಿದೆ.
ಆಫ್ ಮಾಡಿ ಆನ್ ಮಾಡಿ ಎಂದೆ.
ಎದ್ದಿತು, ಕೇಳಿತು,
ದೊಡ್ಡಮಗ್ಗೆ ಎಂದರೆ ದೊಡ್ಡಮಗ್ಗೆ.
ಅರ್ಧ ಗಂಟೆಯ ಹಿಂದಿನ ಊರಿಗಾಗಿ
ಒಂದು ದೀಪವೂ ತಡವರಿಸಲಿಲ್ಲ.
ಅಷ್ಟರಲ್ಲಿ ಅಳೆದ ಅರವತ್ತೆರಡು ಲೀಟರು ಮಾತ್ರ
ಇನ್ನೂ ಕೊಣನೂರಿನಲ್ಲೇ ಇದೆ.
ಅದಕ್ಕೆ ಅರ್ಜಿ ಬರೆಯಬೇಕು, ಕಾಗದದಲ್ಲಿ,
ಕಾರ್ಯದರ್ಶಿಯ ಸೀಲು ಹಾಕಿಸಿ.

ಪುರದಮ್ಮ ಫೋನು ಇಡಲಿಲ್ಲ.
"ಇರಿ ಸಾ, ಕ್ಯಾನಿಗೆ ಬರೆಯೋ ಕೆಂಪು ಬಣ್ಣ ಐತೆ,
ಇದ್ರ ಬೆನ್ ಮೇಲೂ ಊರೆಸ್ರು ಹಾಕ್ಬುಡ್ತೀನಿ.
ಮತ್ತೆ ಮರ್ತರೆ?"

ಬೇಡ ಎನ್ನಬಹುದಿತ್ತು. ನಿಯಮವೂ ಇದೆ.
ಗಾಳಿಯಾಡುವ ತೂತು ಬಿಟ್ಟು ಬರೀರಿ
ಎಂದೆ.