ಮೇಲಿನವರು

ಈ ಊರಲ್ಲಿ ಮಳೆ ಬರುವುದಿಲ್ಲ.
ಜೂನ್ ಹುಟ್ಟಿದರೆ ಮಂಜು ಬಂದು ಕೂರುತ್ತದೆ,
ಒಗೆದ ಬಟ್ಟೆ ಒಣಗದಷ್ಟು ಒದ್ದೆ,
ಒಂದು ಲೋಟ ತುಂಬದಷ್ಟು ಜಿಪುಣ.

ನಾನು ಲಾರಿಯವನಲ್ಲ, ಲಾರಿ ಹಿಂದಿನ ಪೈಪಿನವನು.
ಓಡಿಸುವವನು ಡಾನ್ ಎವಾರಿಸ್ತೋ,
ಕ್ಲಚ್ಚಿಗೂ ದೇವರಿಗೂ ಒಂದೇ ಉಸಿರಲ್ಲಿ ಬೈಯುವವನು.
ಬೆಳಗಿನ ಐದಕ್ಕೆ ಕೆಳಗೆ ಲಿಮಾ
ಇನ್ನೂ ದೀಪ ಆರಿಸಿರುವುದಿಲ್ಲ,
ನಾವು ಹಾರ್ನು ಒತ್ತುತ್ತ ಗುಡ್ಡ ಹತ್ತುತ್ತೇವೆ.
ನಾಯಿಗಳು ಮೊದಲು ಏಳುತ್ತವೆ, ಆಮೇಲೆ ಹೆಂಗಸರು.

ಮೊದಲ ತಿರುವಿನಲ್ಲಿ ಪೀಪಾಯಿಗೆ ಎರಡು ಸೋಲ್.
ಕೋಳಿ ಅಂಗಡಿ ದಾಟಿದರೆ ಎರಡೂವರೆ.
ಟಾರು ಮುಗಿದಲ್ಲಿ ಮೂರು.
ಹಳದಿ ಬಣ್ಣ ಬಳಿದ ಮೆಟ್ಟಿಲ ಬುಡದಲ್ಲಿ ಲಾರಿ ಸೋಲುತ್ತದೆ,
ಅಲ್ಲಿಂದಾಚೆ ಪೈಪು ನನ್ನ ಹೆಗಲ ಮೇಲೆ. ಅಲ್ಲಿ ನಾಲ್ಕು.
ದರ ಏರಿದಂತೆ ಗೋಡೆಗಳು ತೆಳ್ಳಗಾಗುತ್ತವೆ:
ಇಟ್ಟಿಗೆ, ಆಮೇಲೆ ಪ್ಲೈವುಡ್ಡು, ಆಮೇಲೆ
ಚುನಾವಣೆ ಮುಗಿದ ರಾತ್ರಿ ಬಿಚ್ಚಿ ತಂದ ಬ್ಯಾನರು,
ಯಾರದೋ ಬಿಳಿ ಹಲ್ಲಿನ ನಗು
ಒಂದು ಸಂಸಾರಕ್ಕೆ ಬಾಗಿಲಾಗಿದೆ.

ಬೇರೆ ಕಡೆ ಮೇಲಿನವರು ಅಂದರೆ
ತಲೆಯೆತ್ತಿ ನೋಡಿ, ತಲೆ ತಗ್ಗಿಸಬೇಕಾದ ಜನ.
ಇಲ್ಲಿ ಮೇಲಿನವರು ಅಂದರೆ
ತಡವಾಗಿ ಬಂದವರು,
ಕೆಳಗೆ ಜಾಗ ಮುಗಿದಿತ್ತು, ಅಷ್ಟೆ.

ತುದಿಯ ಮನೆ ತೆಯೋಫಿಲಾಳದು.
ಅವಳ ಕೈಯಲ್ಲಿ ಒಂದೇ ನೀರು ನಾಲ್ಕು ಜನ್ಮ ಎತ್ತುತ್ತದೆ:
ಅಕ್ಕಿ ತೊಳೆದದ್ದು ತಟ್ಟೆಗೆ, ತಟ್ಟೆಯದ್ದು ನೆಲಕ್ಕೆ,
ನೆಲದ್ದು ಡಬ್ಬಿಯ ಜೆರೇನಿಯಮ್ಮಿಗೆ.
ಗಿಡ ಕೆಂಪಗೆ ಹೂಬಿಟ್ಟಿದೆ, ಸಾಬೂನು ಕುಡಿದೂ.
ನೀಲಿ ಪೀಪಾಯಿಗೆ ಮುಚ್ಚಳ, ಮುಚ್ಚಳಕ್ಕೆ ಕಲ್ಲು,
ಕಲ್ಲಿಗೆ ಮೊಮ್ಮಗ ಯೆರ್ಸನ್ ಕಾವಲು.

ಹೇಳಿಬಿಡುತ್ತೇನೆ:
ನಾನು ಯಾವ ಪೀಪಾಯಿಯನ್ನೂ ಪೂರಾ ತುಂಬುವುದಿಲ್ಲ.
ನಾಲ್ಕು ಬೆರಳು ಕಡಿಮೆ.
ಹನ್ನೆರಡು ಪೀಪಾಯಿಯ ನಾಲ್ಕು ನಾಲ್ಕು ಬೆರಳು ಸೇರಿದರೆ
ಒಂದು ಪೀಪಾಯಿ. ಅದು ನನ್ನ ಮನೆಗೆ,
ಎರಡನೇ ಗುಡ್ಡದ ಐದನೇ ತಿರುವಿಗೆ.
ತೆಯೋಫಿಲಾಗೆ ಗೊತ್ತು.
ಪ್ರತಿ ಸಲ ಅಂಗೈ ಇಳಿಬಿಟ್ಟು ಅಳೆಯುತ್ತಾಳೆ,
ನನ್ನ ಮುಖ ನೋಡುತ್ತಾಳೆ,
ನಾಣ್ಯ ಎಣಿಸಿಕೊಡುತ್ತಾಳೆ, ಪೂರಾ.

ಅವಳ ಮನೆಯ ಬೆನ್ನಿಗೆ ಗೋಡೆ.
ಮುಳ್ಳುತಂತಿ ಹೊದ್ದು ಬೆಟ್ಟದ ಬೆನ್ನೆಲುಬಿನುದ್ದಕ್ಕೂ ಮಲಗಿದೆ.
ಆಚೆ ಇಳಿಜಾರಿಗೂ ಇದೇ ಮಂಜು, ಇದೇ ಕಲ್ಲು,
ಆದರೆ ಹಸಿರು.
ತೆಯೋಫಿಲಾ ಅಲ್ಲೇ ಒಬ್ಬರ ಮನೆ ಒರೆಸುತ್ತಾಳೆ.
ಗೋಡೆ ಹಾರಿದರೆ ನೂರು ಹೆಜ್ಜೆ,
ಸುತ್ತಿ ಹೋದರೆ ಎರಡು ಬಸ್ಸು.
ಅವಳು ಸುತ್ತಿ ಹೋಗುವವಳು.

ನಿನ್ನೆ ಪೈಪು ಸುತ್ತಿಕೊಳ್ಳುವಾಗ
ಯೆರ್ಸನ್ ಕಲ್ಲು ಬಿಟ್ಟು ಓಡಿ ಬಂದ.
ಗೋಡೆಯಲ್ಲಿ ಅವನೊಂದು ತೂತು ಕಂಡುಹಿಡಿದಿದ್ದಾನೆ,
ಒಂದು ಕಣ್ಣಿನಷ್ಟು ಅಗಲ.
ನೋಡು ಅಂದ. ಬಗ್ಗಿ ನೋಡಿದೆ.
ಯಾರೂ ಇಳಿಯದ ಈಜುಕೊಳ.
ಒಂದು ಎಲೆ ತೇಲುತ್ತಿತ್ತು, ಅವಸರವಿಲ್ಲದೆ.
ಅಭ್ಯಾಸಬಲ, ಲೆಕ್ಕ ತಾನೇ ಶುರುವಾಯಿತು:
ಉದ್ದ, ಅಗಲ, ಆಳ... ಮುನ್ನೂರೆಪ್ಪತ್ತೈದು ಪೀಪಾಯಿ.
ಮೂರು ದಿನಕ್ಕೊಂದರಂತೆ ಈ ಮನೆಗೆ
ಮೂರು ವರ್ಷ, ಮೇಲೊಂದು ತಿಂಗಳು.
ನನ್ನ ಬಾಯಲ್ಲಿ ಎಂಥದೋ ಬೈಗುಳ ಸಿದ್ಧವಾಗುತ್ತಿತ್ತು.

ಹುಡುಗ ನನ್ನ ಅಂಗಿ ಜಗ್ಗಿದ.
ಅವನ ಮುಖದಲ್ಲಿ ಆಸೆಯಿರಲಿಲ್ಲ, ಕಳವಳವಿತ್ತು.
"ಪಾಪ, ಅವರು ಮುಚ್ಚಳ ಮರೆತಿದ್ದಾರೆ.
ಸೊಳ್ಳೆ ಮೊಟ್ಟೆ ಇಡುತ್ತೆ.
ಅಷ್ಟೂ ನೀರು ಹಾಳಾಗುತ್ತೆ.
ಯಾರಾದರೂ ಹೋಗಿ ಹೇಳಬೇಕಲ್ಲ?"

ಕೆಳಗೆ ಎವಾರಿಸ್ತೋ ಹಾರ್ನು ಬಾರಿಸಿದ, ಮತ್ತೆ ಬಾರಿಸಿದ.
ಪೈಪಿನ ಬಾಯಲ್ಲಿ ಉಳಿದದ್ದು ನನ್ನ ಚಪ್ಪಲಿ ಮೇಲೆ ತೊಟ್ಟಿಕ್ಕುತ್ತಿತ್ತು.
ಮತ್ತೆ ಬಿಚ್ಚಿದೆ, ಕಲ್ಲು ಸರಿಸಿದೆ,
ಆ ನಾಲ್ಕು ಬೆರಳು ತುಂಬಿದೆ.

ಒಂದೇ ಮನೆಗೆ. ನಿನ್ನೆ ಮಾತ್ರ.
ಇವತ್ತು ಮತ್ತೆ ಹನ್ನೆರಡಕ್ಕೆ ಒಂದು.