ಮುಳುಗುವವನ ಕೆಲಸ

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಮುಳುಗಬೇಕು.
ಸಂಬಳವಿಲ್ಲದ ಕೆಲಸ; ನಡುವೆ ಒಂದು ಲೋಟ ಕಷಾಯ ಉಂಟು.

ಇಪ್ಪತ್ತೊಂಬತ್ತು ವರ್ಷ ತೀರ್ಥಹಳ್ಳಿ-ಶಿವಮೊಗ್ಗ ಬಸ್ಸಿನ
ಫುಟ್‌ಬೋರ್ಡಿನಲ್ಲಿ ತೂಗಿದ ಮೈ ಇದು, ತೊಂಬತ್ತೆರಡು ಕೆ.ಜಿ.
ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವ ಹಾಗೆ ನೋಡಿ
"ಇಂಥದ್ದೇ ಬೇಕಿತ್ತು" ಅಂದಳು ತೆಪ್ಪದ ಹೂವಕ್ಕ.
"ಹಗುರದವರನ್ನೇ ಎಳೆದು ಕಲಿತರೆ
ಭಾರದವನು ಸಿಕ್ಕ ದಿನ ಮಕ್ಕಳು ಏನು ಮಾಡಬೇಕು?"

ಮಂಡಗದ್ದೆಯ ಕೆಳಗೆ, ತುಂಗೆ ಬಂಡೆ ಬಳಸಿ ತಿರುಗುವಲ್ಲಿ,
ಬೆಳ್ಳಕ್ಕಿಗಳು ಮರಿ ಹಾರಿಸಿಕೊಂಡು ಹೋದಮೇಲೆ
ಖಾಲಿ ಕೊಂಬೆಗಳ ಎದುರು ನಮ್ಮ ಪಾಠ.
ಏಳು ಹುಡುಗಿಯರು, ನಾಲ್ಕು ಹುಡುಗರು,
ಅಡುಗೆ ಎಣ್ಣೆಯ ಖಾಲಿ ಕ್ಯಾನು ಐದು,
ಲಾರಿ ಹಗ್ಗ, ತೇಪೆ ಹಾಕಿದ ಟ್ಯೂಬು, ಯಾರದೋ ಮದುವೆಯ ಸೀರೆ,
ಮತ್ತೆ ನನ್ನ ಸೀಟಿ.

ಬಸ್ಸಿನಲ್ಲಿ ಒಂದು ಸೀಟಿ ಅಂದರೆ ನಿಲ್ಲು,
ಎರಡು ಅಂದರೆ ರೈಟ್, ಹೋಗೋಣ.
ಇಲ್ಲಿ ಮೂರೂ ಉಂಟು. ಮೂರು ಅಂದರೆ
ಯಾರೋ ಹೋಗುತ್ತಿದ್ದಾರೆ.

ಮೊದಲ ವಾರ ಕೈ ಬೀಸಿ "ಅಯ್ಯೋ ಕಾಪಾಡಿ" ಅಂದೆ.
ಮಕ್ಕಳು ನಕ್ಕರು. ಹೂವಕ್ಕ ನಗಲಿಲ್ಲ.
"ಕೂಗುವವನಿಗೆ ಇನ್ನೂ ಉಸಿರುಂಟು ಮಾರಾಯ.
ಖರೆ ಮುಳುಗುವವನು ಸದ್ದು ಮಾಡಲ್ಲ.
ಬಾಯಿ ನೀರಿನ ಮಟ್ಟಕ್ಕೆ, ಕಣ್ಣು ಎಲ್ಲಿಗೋ,
ಕೈ ಇಲ್ಲದ ಏಣಿ ಹತ್ತುವ ಹಾಗೆ.
ದಡದಲ್ಲಿ ಕೂತವರು ಆಡ್ತಿದ್ದಾನೆ ಅಂದ್ಕೊಳ್ತಾರೆ."
ಎಲ್ಲಿ ನೋಡಿದ್ದಳೋ. ನಾನು ಕೇಳಲಿಲ್ಲ.
ಅಂದಿನಿಂದ ಸುಮ್ಮನೆ ಮುಳುಗುತ್ತೇನೆ.

ಅವರು ಮೊದಲು ಕಲಿತದ್ದು ಈಜಲ್ಲ, ಇಳಿಯದೆ ಇರುವುದು.
ಕೂಗು. ಎಸೆ. ಬಂಡೆಗೆ ಹೊಟ್ಟೆ ಒತ್ತಿ ಮಲಗಿ ಚಾಚು.
ಹಗ್ಗವನ್ನು ಮಣಿಕಟ್ಟಿಗೆ ಸುತ್ತಬೇಡ, ಎಂದಿಗೂ.
ಹಾರುವುದು ಸಿನಿಮಾದವರಿಗೆ.
ನನ್ನ ಬೋಳು ತಲೆಗೆ ಕ್ಯಾನು ಬಿದ್ದದ್ದು ಆರು ಸಲ,
ನಾಲ್ಕು ಸಲ ಮನ್ವಿತನದೇ; ಬೇಕೆಂತಲೇ ಎಂದು ನನ್ನ ಗುಮಾನಿ.

ರಜೆಯ ಮಧ್ಯಾಹ್ನ ಇಬ್ಬಿಬ್ಬರಂತೆ ಕಾವಲು.
ಕಾರಿನಿಂದಿಳಿದು ಪ್ಯಾಂಟು ಮಡಚುವವರಿಗೆ
"ಅಲ್ಲಿ ಗುಂಡಿ ಉಂಟು ಸಾರ್" ಅನ್ನುತ್ತಾಳೆ ಫಿರ್ದೋಸ್.
"ನಿನ್ನ ಎತ್ತರ ಎಷ್ಟು ಪುಟ್ಟಿ?" ಎಂದು ನಗುತ್ತಾರೆ ಅವರು.
"ನಾಲ್ಕಡಿ ಎರಡಿಂಚು. ಗುಂಡಿ ಹದಿನೆಂಟಡಿ."
ಕೆಲವರು ಪ್ಯಾಂಟು ಇಳಿಸಿಕೊಳ್ಳುತ್ತಾರೆ.

ಜನವರಿಯ ಮೂರನೇ ಭಾನುವಾರ, ನಡುನೀರಿನಲ್ಲಿ
ನನ್ನ ಮೀನಖಂಡ ಗಂಟು ಕಟ್ಟಿತು.
ನಾಟಕ ಎಲ್ಲಿಗೆ ಮುಗಿಯಿತೆಂದು ಯಾರಿಗೂ ತಿಳಿಯಲಿಲ್ಲ,
ಯಾಕೆಂದರೆ ನಾನು ಸದ್ದು ಮಾಡಲಿಲ್ಲ.

ಫಿರ್ದೋಸ್ ಎಸೆದ ಹಗ್ಗ ಕೈಗೆ ಬಂತು.
ಎಳೆದೆ. ಹಗ್ಗವನ್ನಲ್ಲ, ಅವಳನ್ನು.
ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುವ ಒಂದು ಪ್ರಾಣಿ
ಇಷ್ಟು ವರ್ಷ ನನ್ನ ಖಾಕಿಯೊಳಗೆ ಟಿಕೆಟ್ ಹರಿಯುತ್ತ ಕೂತಿತ್ತು.
ಬಂಡೆಯ ಮೇಲೆ ಅವಳ ಪಾದ ಜಾರಿತು.
ಮುಖ ಕಂಡಿತು.
ಹಗ್ಗ ಬಿಟ್ಟಳು.

ಆಮೇಲೆ ಹಸಿರು. ಕಿವಿ ತುಂಬ ಹಸಿರು.
ಎಲ್ಲೋ ಮೇಲೆ, ಯಾವುದೋ ಸ್ಟಾಪಿನಲ್ಲಿ ಎಂಬಂತೆ,
ಮೂರು ಸೀಟಿ. ನನ್ನದೇ ಸೀಟಿ.
ಎದೆಗೆ ಕ್ಯಾನು ಬಡಿಯಿತು. ಕ್ಯಾನಿಗೆ ಸೀರೆ,
ಸೀರೆ ಹೊಳೆಮತ್ತಿಯ ಬುಡಕ್ಕೆ ಒಂದು ಸುತ್ತು,
ಸುತ್ತಿನಾಚೆ ಹತ್ತು ಜೊತೆ ಕೈ.

ನೀರು ಕಾರಿ ಕೂತಾಗ ಅವಳು ಬಿಕ್ಕುತ್ತಿದ್ದಳು,
"ಬಿಟ್ಟುಬಿಟ್ಟೆ ಕಂಡಕ್ಟರ್ ಮಾಮ."
ಸುಳ್ಳು ಯಾಕೆ? ನನಗೂ ಒಂದು ಕ್ಷಣ
ಎದೆಯಲ್ಲಿ ಮೀನಿನ ಮುಳ್ಳು ಆಡಿತು: ಬಿಟ್ಟಳಲ್ಲ.
ಹೂವಕ್ಕ ಏನೂ ಹೇಳಲಿಲ್ಲ.
ಕಷಾಯ ಬಗ್ಗಿಸಿ ಮೊದಲ ಲೋಟ
ನನಗಲ್ಲ, ಅವಳಿಗೆ ಕೊಟ್ಟಳು.
ನನಗೆ ಅರ್ಥವಾಗಲು ಎರಡನೆಯ ಲೋಟ ಬೇಕಾಯಿತು.

ಇವತ್ತು ಮತ್ತೆ ಎಂಟು ಗಂಟೆ. ನೀರು ಮೊಳಕಾಲನ್ನು ಕೊರೆಯುತ್ತಿದೆ.
ಬಂಡೆಯ ಮೇಲೆ ಅವಳು, ಹಗ್ಗ ಅಂಗೈಯಲ್ಲಿ ಸಡಿಲ.
"ಎಳೆದರೆ ಬಿಡ್ತೀನಿ ಮಾಮ."
"ಬಿಡು."
ನಂಬಿಕೆ ಬರಲಿಲ್ಲವೇನೋ, ನನ್ನನ್ನೇ ನೋಡಿದಳು.
ಆಮೇಲೆ ಎರಡು ಸೀಟಿ ಊದಿದಳು.

ಇಳಿದೆ.